ಕೇಳಿಸುವುದು ಮತ್ತು ಕೇಳುವುದು: ಒಂದು ಜೊತೆ ಶ್ರವಣ ಸಾಧನದ ವಿಮರ್ಶೆ

ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಸಾರಿನ ಸೌಟು ಹಿಡಿದು ‘ಸಾಕಾ?’ ಎಂದು ಕೇಳಿದರೆ ನನಗೆ ಅದು ‘ಹಾಕ್ಲಾ?’ ಎಂದು ಕೇಳಿಸುತ್ತಿತ್ತು. ನಾನು ‘ಹೂಂ’ ಎನ್ನುತ್ತಿದ್ದೆ. ಸಾಕೆಂದು ತಿಳಿದು ಅವಳು ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋಗುತ್ತಿದ್ದಳು, ನಾನು ಇನ್ನೊಂದು ಸೌಟು ಸಾರಿಗಾಗಿ ಕಾಯುತ್ತ ಕುಳಿತಿರುತ್ತಿದ್ದೆ. ‘ಸ’ ಎಂಬ ಒಂದು ಅಕ್ಷರ ಕಿವಿಗೆ ಬೀಳದೆ ಹೋದದ್ದರಿಂದ ಮಾತಿನ ಅರ್ಥವೇ ತಿರುಗುಮುರುಗಾಗಿ, 36 ವರ್ಷ ಒಟ್ಟಿಗೆ ಬಾಳಿದ ಇಬ್ಬರ ನಡುವೆ ದಿನಕ್ಕೊಂದು ಸಣ್ಣ ಮುನಿಸು ಹುಟ್ಟುತ್ತಿತ್ತು. ಇದು ಸುಮಾರು ಎರಡು ವರ್ಷ ನಡೆಯಿತು. ಅವಳು ಮಾತನ್ನು ಬಾಯೊಳಗೇ ನುಂಗುತ್ತಾಳೆ ಎಂದು ಆ ಎರಡು ವರ್ಷವೂ ನಾನು ನಂಬಿದ್ದೆ.

ಈಗ ಎಂಟು ತಿಂಗಳಿಂದ ನನ್ನ ಎರಡೂ ಕಿವಿಗಳ ಹಿಂದೆ ಒಂದೊಂದು ಶ್ರವಣ ಸಾಧನ ಕುಳಿತಿದೆ; ಮೈಸೂರಿನಲ್ಲಿ ಎಲ್ಲರೂ ಹೇಳುವಂತೆ ಹೇಳುವುದಾದರೆ, ಕಿವಿ ಮೆಷಿನ್. ಆ ಸಾಧನವನ್ನೂ, ಅದನ್ನು ನನ್ನ ಕಿವಿಗೆ ಹೊಂದಿಸಿಕೊಟ್ಟ ಸೇವೆಯನ್ನೂ ಕುರಿತು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಹೇಳುತ್ತಿಲ್ಲ, ಏಕೆಂದರೆ ಇದೇ ಬಗೆಯ ಸಾಧನವನ್ನು ನಾಲ್ಕಾರು ಕಂಪನಿಗಳು ಮಾಡುತ್ತವೆ, ಮತ್ತು ಕಂಪನಿ ಕಂಪನಿಗಳ ನಡುವಿನ ವ್ಯತ್ಯಾಸಕ್ಕಿಂತ ಹೊಂದಿಸಿಕೊಡುವವರ ಶ್ರದ್ಧೆಯಲ್ಲಿನ ವ್ಯತ್ಯಾಸ ದೊಡ್ಡದು ಎಂಬುದು ನನ್ನ ಅನುಭವ. 32 ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿದವನು ನಾನು. ಅಲೆ, ಅನುನಾದ, ಡೆಸಿಬಲ್ ಇವೆಲ್ಲ ನನಗೆ ಕಪ್ಪುಹಲಗೆಯ ಮೇಲಿನ ಸಮೀಕರಣಗಳಾಗಿದ್ದವು. ನಿವೃತ್ತಿಯ ನಂತರ ವಾರಕ್ಕೆರಡು ಸಂಜೆ ಒಬ್ಬ ವಿದ್ವಾಂಸರ ಮನೆಯಲ್ಲಿ ಉಪನಿಷತ್ತು ಮತ್ತು ತರ್ಕಶಾಸ್ತ್ರದ ಪಾಠಕ್ಕೆ ಹೋಗುತ್ತೇನೆ. ಈ ಎರಡು ಓದುಗಳನ್ನು ನಾನು ಬೇರೆ ಬೇರೆ ಕಪಾಟಿನಲ್ಲಿ ಇಟ್ಟುಕೊಂಡಿದ್ದೆ. ಅವೆರಡನ್ನೂ ಒಂದೇ ಮೇಜಿನ ಮೇಲೆ ತೆರೆದಿಡುವಂತೆ ಮಾಡಿದ್ದು ನನ್ನದೇ ಕಿವಿ.

ನಮ್ಮ ಭಾಷೆಯೇ ಈ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಬಲ್ಲದು. ‘ನನಗೆ ಕೇಳಿಸಿತು’ ಎನ್ನುವಾಗ ಶಬ್ದವೇ ಕರ್ತೃ, ನಾನು ಚತುರ್ಥಿ ವಿಭಕ್ತಿಯಲ್ಲಿ ಸುಮ್ಮನೆ ಕುಳಿತಿರುವವನು. ‘ನಾನು ಕೇಳಿದೆ’ ಎನ್ನುವಾಗ ಕರ್ತೃ ನಾನೇ. ಕಿವಿ ಮೆಷಿನ್‌ಗೆ ನಾವು ಹಣ ಕೊಡುವುದು ಮೊದಲನೆಯದಕ್ಕೆ. ನಮಗೆ ನಿಜವಾಗಿ ಬೇಕಾಗಿರುವುದು ಎರಡನೆಯದು.

ಮೊದಲಿಗೆ, ಎರಡು ವರ್ಷ ನನಗೇಕೆ ಗೊತ್ತಾಗಲಿಲ್ಲ ಎಂಬ ಪ್ರಶ್ನೆ. ಕಣ್ಣು ಮಂಜಾದರೆ ಅಕ್ಷರ ಮಸುಕಾಗಿ ಕಾಣುತ್ತದೆ, ಆ ಮಸುಕು ಎದುರಿಗೇ ಇರುತ್ತದೆ. ಕಿವಿ ಮಂದವಾದಾಗ ಹೋದ ಶಬ್ದ ತನ್ನ ಜಾಗದಲ್ಲಿ ಒಂದು ಗುರುತನ್ನೂ ಬಿಟ್ಟುಹೋಗುವುದಿಲ್ಲ. ಕುಮಾರಿಲ ಭಟ್ಟರ ಮೀಮಾಂಸೆ ಮತ್ತು ಅದ್ವೈತ ವೇದಾಂತ ‘ಅನುಪಲಬ್ಧಿ’ಯನ್ನು ಆರನೆಯ ಪ್ರಮಾಣವಾಗಿ, ಅಂದರೆ ಅರಿವು ಪಡೆಯುವ ಆರನೆಯ ದಾರಿಯಾಗಿ, ಒಪ್ಪುತ್ತವೆ: ಮೇಜಿನ ಮೇಲೆ ಕೊಡ ಕಾಣುತ್ತಿಲ್ಲ, ಆದ್ದರಿಂದ ಅಲ್ಲಿ ಕೊಡವಿಲ್ಲ. ಆದರೆ ಅದಕ್ಕೊಂದು ಕಟ್ಟುನಿಟ್ಟಾದ ಷರತ್ತು ಉಂಟು. ಕೊಡ ಅಲ್ಲಿದ್ದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವಂಥ ಬೆಳಕು, ದೂರ, ಆರೋಗ್ಯವಂತ ಕಣ್ಣು ಇರಬೇಕು. ಕತ್ತಲಲ್ಲಿ ಕಾಣದಿರುವುದರಿಂದ ಕೊಡದ ಅಭಾವ ಸಿದ್ಧವಾಗುವುದಿಲ್ಲ. ಇದನ್ನೇ ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ನನ್ನ ಹೆಂಡತಿಯ ಮಾತಿನಲ್ಲಿ ‘ಸ’ ಕೇಳಿಸಲಿಲ್ಲ, ಆದ್ದರಿಂದ ಅವಳು ಅದನ್ನು ಉಚ್ಚರಿಸಲಿಲ್ಲ ಎಂದು ತೀರ್ಮಾನಿಸುವಾಗ ನಾನು ಬಿಟ್ಟದ್ದು ಆ ಷರತ್ತನ್ನೇ. ಪಾಠದಲ್ಲಿ ಆ ಭಾಗ ಬಂದ ದಿನ ನಾನು ಮನೆಗೆ ಬಂದು ಇ.ಎನ್.ಟಿ. ವೈದ್ಯರ ಸಮಯ ಗೊತ್ತುಮಾಡಿಕೊಂಡೆ.

ವೈದ್ಯರು ಗುಗ್ಗೆ ತೆಗೆದು, ಕಿವಿಯ ತಮಟೆ ಸರಿಯಾಗಿದೆ, ಇದು ವಯಸ್ಸಿನಿಂದ ಒಳಗಿವಿಗೆ ಬಂದಿರುವ ಮಂದತನ, ಪರೀಕ್ಷೆ ಮಾಡಿಸಿ ಎಂದು ಬರೆದುಕೊಟ್ಟರು. ಅಲ್ಲಿಂದ ನಾನು ಮೊದಲು ಹೋದದ್ದು ಮುಖ್ಯರಸ್ತೆಯ ಒಂದು ಅಂಗಡಿಗೆ, ಅದು ತಪ್ಪಾಯಿತು. ಹದಿನೈದು ನಿಮಿಷದಲ್ಲಿ ಪರೀಕ್ಷೆ ಮುಗಿಸಿ, ಮಾತಿನ ಪರೀಕ್ಷೆಯನ್ನೇ ಮಾಡದೆ, ಒಂದು ಜೊತೆ ಸಾಧನವನ್ನು ಕಿವಿಗೆ ಹಾಕಿ ‘ಕೇಳ್ತಿದೆಯಾ ಸರ್?’ ಎಂದರು. ಕೇಳಿಸುತ್ತಿತ್ತು, ಎಲ್ಲವೂ ಒಂದೇ ಸಮನೆ ಜೋರಾಗಿ. ಇವತ್ತೇ ಕೊಳ್ಳದಿದ್ದರೆ ಮರೆಗುಳಿತನ ಬರುತ್ತದೆ ಎಂದೂ ಹೆದರಿಸಿದರು. ಕಿವಿ ಮಂದವಾದವರಲ್ಲಿ ಮರೆಗುಳಿತನದ ಸಂಭವ ಹೆಚ್ಚು ಎಂಬುದನ್ನು ಅನೇಕ ಅಧ್ಯಯನಗಳು ತೋರಿಸಿವೆ, ನಿಜ. ಆದರೆ ಸಾಧನ ಹಾಕಿಕೊಂಡರೆ ಅದು ತಪ್ಪುತ್ತದೆಯೇ ಎಂದು ನೋಡಲು ಅಮೆರಿಕದಲ್ಲಿ 70ರಿಂದ 84 ವಯಸ್ಸಿನ ಸುಮಾರು 1,000 ಜನರ ಮೇಲೆ ಮೂರು ವರ್ಷ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಟ್ಟಾರೆ ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಹೆಚ್ಚಿನ ಅಪಾಯವಿದ್ದ ಭಾಗದಲ್ಲಿ ಮಾತ್ರ ಬುದ್ಧಿಶಕ್ತಿಯ ಕುಸಿತ ನಿಧಾನವಾಗಿದ್ದು ಕಂಡಿತು. ಇಷ್ಟು ಎಚ್ಚರದಿಂದ ಹೇಳಬೇಕಾದ ಮಾತನ್ನು ಬೆದರಿಕೆಯಾಗಿ ಮಾರುವುದು ವಿಜ್ಞಾನಕ್ಕೆ ಮಾಡುವ ಅನ್ಯಾಯ. ಮುಂಗಡ ಕೊಡದೆ ಎದ್ದು ಬಂದೆ.

ಎರಡನೆಯ ಸಲ ಹೋದ ಕಡೆ ಒಂದೂವರೆ ಗಂಟೆ ಹಿಡಿಯಿತು, ಆ ಒಂದೂವರೆ ಗಂಟೆಯೇ ನಾನು ಕೊಟ್ಟ ಹಣದಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಎಂದು ಈಗ ಅನ್ನಿಸುತ್ತದೆ. ಶಬ್ದ ಬಾರದ ಕೋಣೆಯಲ್ಲಿ ಕುಳ್ಳಿರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು: ‘ಎಷ್ಟೇ ಸಣ್ಣದಾಗಿ ಕೇಳಿಸಿದರೂ ಒತ್ತಿ ಸರ್.’ 250 ಹರ್ಟ್ಜ್‌ನಿಂದ 8,000 ಹರ್ಟ್ಜ್‌ವರೆಗೆ ಒಂದೊಂದೇ ಸ್ವರ. ಹರ್ಟ್ಜ್ ಎಂದರೆ ಆವರ್ತಾಂಕದ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದರ ಅಳತೆ; ಡೆಸಿಬಲ್ ಶಬ್ದದ ಜೋರಿನ ಅಳತೆ. ಒತ್ತಿದರೆ 10 ಡೆಸಿಬಲ್ ಇಳಿಸುತ್ತಾರೆ, ಒತ್ತದಿದ್ದರೆ 5 ಡೆಸಿಬಲ್ ಏರಿಸುತ್ತಾರೆ. ಈ ಪರೀಕ್ಷೆಗೆ ಕುಳಿತವರಿಗೆಲ್ಲ ಗೊತ್ತಿರುವ ಒಂದು ವಿಚಿತ್ರ ಸ್ಥಿತಿಯಿದೆ. ಸ್ವರ ತೀರಾ ಸಣ್ಣದಾದಾಗ ಅದು ಕೇಳಿಸಿತೋ ಅಥವಾ ಕೇಳಿಸೀತು ಎಂಬ ನಿರೀಕ್ಷೆಯೇ ಸ್ವರವಾಯಿತೋ ಎಂದು ಹೇಳಲಾಗುವುದಿಲ್ಲ. ನನ್ನ ಹೆಬ್ಬೆರಳು ಗುಂಡಿಯ ಮೇಲೆ ಅರ್ಧ ಒತ್ತಿ ನಿಂತಿತ್ತು, ಒಳಗೆ ನನ್ನದೇ ನಾಡಿಯ ಬಡಿತ ಕೇಳಿಸುತ್ತಿತ್ತು. ಆಮೇಲೆ ತಿಳಿದದ್ದೇನೆಂದರೆ, ಗ್ರಾಫಿನ ಮೇಲೆ ಒಂದು ಚುಕ್ಕೆಯಾಗಿ ಕೂರುವ ಆ ಮಿತಿ ಸ್ಪಷ್ಟವಾದ ಗೆರೆಯಲ್ಲ. ಅಷ್ಟು ಸಣ್ಣ ಸ್ವರ ಅರ್ಧದಷ್ಟು ಸಲ ಕೇಳಿಸಿ ಅರ್ಧದಷ್ಟು ಸಲ ಕೇಳಿಸದೆ ಹೋಗುವ ಮಟ್ಟವನ್ನೇ ಮಿತಿ ಎಂದು ಕರೆಯುತ್ತಾರೆ.

ಹೀಗೆ ಅನುಭವದ ಅಂಚನ್ನು ಅಂಕಿಗೆ ತರುವ ಕೆಲಸವನ್ನು ಶಾಸ್ತ್ರವಾಗಿ ನಿಲ್ಲಿಸಿದವರು ಜರ್ಮನಿಯ ಗುಸ್ಟಾವ್ ಫೆಕ್ನರ್, 1860ರಲ್ಲಿ. ಅವರು ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು, ಆದರೆ ಅವರನ್ನು ಕಾಡಿದ್ದು ದೇಹಕ್ಕೂ ಮನಸ್ಸಿಗೂ ಏನು ಸಂಬಂಧ ಎಂಬ ದಾರ್ಶನಿಕ ಪ್ರಶ್ನೆ. ಹೊರಗಿನ ಪ್ರಚೋದನೆ ಇಷ್ಟು ಹೆಚ್ಚಾದರೆ ಒಳಗಿನ ಸಂವೇದನೆ ಎಷ್ಟು ಹೆಚ್ಚುತ್ತದೆ ಎಂಬುದಕ್ಕೆ ನಿಯಮವೊಂದು ಸಿಕ್ಕರೆ ಎರಡನ್ನೂ ಬೆಸೆಯಬಹುದು ಎಂದು ಅವರು ಹೊರಟರು. ಇಂದು ಯಾವ ಊರಿನ ಶ್ರವಣ ಪರೀಕ್ಷೆಯ ಕೋಣೆಗೆ ಹೋದರೂ ಕೈಗೆ ಸಿಗುವ ಆ ಗುಂಡಿ ಫೆಕ್ನರ್ ಅವರ ಪ್ರಶ್ನೆಯ ಮೊಮ್ಮಗು. ಗಮನಿಸಬೇಕಾದದ್ದು, ಇಷ್ಟೆಲ್ಲ ಯಂತ್ರಗಳ ನಡುವೆಯೂ ಅಳತೆಯ ಕೊನೆಯ ಕೊಂಡಿ ನನ್ನ ಸಾಕ್ಷ್ಯ. ನಾನು ಒತ್ತಿದರೆ ಉಂಟು, ಒತ್ತದಿದ್ದರೆ ಇಲ್ಲ. ಸಾಕ್ಷ್ಯ ಕೇಳದ ಪರೀಕ್ಷೆಗಳೂ ಇವೆ: ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮೆದುಳಿನ ಕಾಂಡದ ವಿದ್ಯುತ್ ಸ್ಪಂದನವನ್ನು ಅಳೆಯುವ ಬೆರಾ ಪರೀಕ್ಷೆಯನ್ನು ನಿದ್ದೆ ಮಾಡುತ್ತಿರುವ ಹಸುಗೂಸಿಗೂ ಮಾಡುತ್ತಾರೆ, ಅದರಿಂದ ಹುಟ್ಟುಕಿವುಡನ್ನು ಬೇಗ ಪತ್ತೆಹಚ್ಚಿ ಎಷ್ಟೋ ಮಕ್ಕಳಿಗೆ ಮಾತು ಬರುವಂತಾಗಿದೆ. ಆದರೆ ಆ ಪರೀಕ್ಷೆ ಹೇಳುವುದು ಶಬ್ದ ನರದ ದಾರಿಯಲ್ಲಿ ಸಾಗಿತು ಎಂದಷ್ಟೇ. ಮಲಗಿರುವ ಮಗು ಅದನ್ನು ಕೇಳಿತೇ ಎಂಬುದು ಬೇರೆ ಪ್ರಶ್ನೆ.

ಅನಂತರ ಮಾತಿನ ಪರೀಕ್ಷೆ. ಕನ್ನಡದ್ದೇ ಪದಗಳು ಒಂದೊಂದಾಗಿ ಬಂದವು, ಕೇಳಿಸಿದಂತೆ ಹೇಳಬೇಕು. ಇಂಥ ಪದಪಟ್ಟಿಗಳು ನಮ್ಮ ಭಾಷೆಯಲ್ಲಿ ಇರುವುದಕ್ಕೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಕೆಲಸ ಬಹುಮಟ್ಟಿಗೆ ಕಾರಣ. ಭಾಷೆ ಭಾಷೆಗೆ ಧ್ವನಿಗಳ ಪ್ರಮಾಣ ಬೇರೆ. ಇಂಗ್ಲಿಷ್ ಪಟ್ಟಿಯನ್ನು ಕನ್ನಡಿಗನ ಕಿವಿಗೆ ಹಾಕಿದರೆ ಪರೀಕ್ಷೆಯಾಗುವುದು ಇಂಗ್ಲಿಷ್ ಜ್ಞಾನವೇ ಹೊರತು ಕಿವಿಯಲ್ಲ. ನನ್ನ ಗ್ರಾಫು 1,000 ಹರ್ಟ್ಜ್‌ವರೆಗೆ ಹೆಚ್ಚುಕಡಿಮೆ ಸರಿಯಾಗಿದ್ದು, ಅಲ್ಲಿಂದ ಜಾರುಬಂಡೆಯಂತೆ ಇಳಿದು 4,000ಕ್ಕೆ 65 ಡೆಸಿಬಲ್, 8,000ಕ್ಕೆ 75 ಡೆಸಿಬಲ್ ಮುಟ್ಟಿತ್ತು; ಅಂದರೆ ಅಲ್ಲಿನ ಸ್ವರ ಅಷ್ಟು ಜೋರಾದರೆ ಮಾತ್ರ ನನಗೆ ಕೇಳಿಸೀತು. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಆವರ್ತಾಂಕಗಳಲ್ಲಿದೆ, ಆದ್ದರಿಂದ ಯಾರೋ ಮಾತನಾಡುತ್ತಿದ್ದಾರೆ ಎಂಬುದು ನನಗೆ ಸ್ಪಷ್ಟ. ‘ಸ’, ‘ಶ’ಗಳಂಥ ಊಷ್ಮಾಕ್ಷರಗಳು 4,000 ಹರ್ಟ್ಜ್‌ನ ಆಸುಪಾಸಿನಲ್ಲೂ ಅದಕ್ಕಿಂತ ಮೇಲೂ ಇವೆ, ಆದ್ದರಿಂದ ಏನು ಮಾತನಾಡುತ್ತಿದ್ದಾರೆ ಎಂಬುದು ಅಸ್ಪಷ್ಟ. ‘ಸಾಕಾ’ ಮತ್ತು ‘ಹಾಕ್ಲಾ’ ಬೆರೆತುಹೋದ ಕಥೆಯೆಲ್ಲ ಆ ಇಳಿಜಾರಿನಲ್ಲಿ ಕಾಣುತ್ತಿತ್ತು. ಗ್ರಾಫನ್ನು ಹೆಂಡತಿಗೆ ತೋರಿಸಿ ತಪ್ಪೊಪ್ಪಿಕೊಂಡೆ.

ಸಾಧನ ಏನು ಮಾಡುತ್ತದೆ ಎಂದು ತಿಳಿಯಲು ಕಿವಿ ಏನು ಕಳೆದುಕೊಂಡಿದೆ ಎಂದು ತಿಳಿಯಬೇಕು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡಿರುವ ಕಾಕ್ಲಿಯಾ ಇದೆ. ಅದರೊಳಗಿನ ದ್ರವದಲ್ಲಿ ಶಬ್ದ ಅಲೆಯಾಗಿ ಸಾಗುತ್ತದೆ, ಹೆಚ್ಚಿನ ಸ್ಥಾಯಿಯ ಅಲೆ ಬುಡದಲ್ಲೂ ಕಡಿಮೆ ಸ್ಥಾಯಿಯದು ತುದಿಯಲ್ಲೂ ಉಬ್ಬುತ್ತದೆ ಎಂದು ಶವಗಳ ಕಿವಿಗಳಲ್ಲಿ ನೋಡಿ ತೋರಿಸಿದ್ದಕ್ಕೆ ಹಂಗೇರಿ ಮೂಲದ ಗೇಯಾರ್ಗ್ ವಾನ್ ಬೇಕೆಶಿ 1961ರಲ್ಲಿ ನೊಬೆಲ್ ಪಡೆದರು. ಆದರೆ ಸತ್ತ ಕಿವಿಯ ಅಲೆಗಳು ತೀರಾ ಹರಡಿಕೊಂಡಿದ್ದವು. ಬದುಕಿರುವ ಮನುಷ್ಯ ಹತ್ತಿರ ಹತ್ತಿರದ ಎರಡು ಸ್ವರಗಳನ್ನು ಬೇರ್ಪಡಿಸುವಷ್ಟು ಚೂಪಾಗಿರಲಿಲ್ಲ. ದ್ರವದೊಳಗೆ ಅಲೆ ಬೇಗ ತಣಿಯಬೇಕು, ಹಾಗಾಗದಿರಲು ಕಿವಿಯೇ ಒಳಗಿನಿಂದ ಶಕ್ತಿ ತುಂಬುತ್ತಿರಬೇಕು ಎಂದು ವಿಜ್ಞಾನಿ ಥಾಮಸ್ ಗೋಲ್ಡ್ 1948ರಲ್ಲೇ ವಾದಿಸಿದ್ದರು, ಯಾರೂ ಕಿವಿಗೊಡಲಿಲ್ಲ. ಮೂವತ್ತು ವರ್ಷದ ಮೇಲೆ, 1978ರಲ್ಲಿ, ಇನ್ನೊಬ್ಬ ವಿಜ್ಞಾನಿ ಡೇವಿಡ್ ಕೆಂಪ್ ಕಿವಿಯೊಳಗೆ ಸಣ್ಣ ಮೈಕ್ರೋಫೋನ್ ಇಟ್ಟು ನೋಡಿದಾಗ ಕಿವಿಯಿಂದಲೇ ಹೊರಕ್ಕೆ ಬರುವ ಶಬ್ದ ಸಿಕ್ಕಿತು. ಕಿವಿ ಶಬ್ದವನ್ನು ಸುಮ್ಮನೆ ಬರಮಾಡಿಕೊಳ್ಳುವ ಗುಹೆಯಲ್ಲ. ಅದು ಪ್ರತಿಯೊಂದು ಸಣ್ಣ ಶಬ್ದವನ್ನೂ ಕೈಹಿಡಿದು ಮೇಲೆತ್ತುತ್ತಿದೆ. ಈ ಕೆಲಸ ಮಾಡುವುದು ಕಾಕ್ಲಿಯಾದೊಳಗೆ ಸಾಲಾಗಿ ನಿಂತಿರುವ, ತುದಿಯಲ್ಲಿ ಕೂದಲಿನಂಥ ಎಳೆಗಳುಳ್ಳ ರೋಮಕೋಶಗಳಲ್ಲಿ ಹೊರಸಾಲಿನವು. ಒಂದು ಕಿವಿಯಲ್ಲಿ ಒಳಸಾಲಿನವು ಸುಮಾರು 3,500, ಹೊರಸಾಲಿನವು ಸುಮಾರು 12,000. ವಯಸ್ಸಿನಲ್ಲಿ, ಗದ್ದಲದಲ್ಲಿ ಮೊದಲು ಸಾಯುವುದು ಹೊರಸಾಲು. ಹಕ್ಕಿಗಳಲ್ಲಿ ಇವು ಮತ್ತೆ ಬೆಳೆಯುತ್ತವೆ, ನಮ್ಮಲ್ಲಿ ಬೆಳೆಯುವುದಿಲ್ಲ.

ಈ ಒಂದು ಸಂಗತಿಯಿಂದ ನಮ್ಮ ಮನೆಗಳ ಎಷ್ಟೋ ಜಗಳಗಳು ಅರ್ಥವಾಗುತ್ತವೆ. ಹೊರಸಾಲಿನ ಕೋಶಗಳು ಎತ್ತಿಕೊಡುತ್ತಿದ್ದುದು ಸಣ್ಣ ಶಬ್ದಗಳನ್ನು. ದೊಡ್ಡ ಶಬ್ದಕ್ಕೆ ಅವುಗಳ ನೆರವು ಬೇಕಿಲ್ಲ. ಅವು ಸತ್ತ ಮೇಲೆ ಸಣ್ಣದು ಕೇಳಿಸುವುದೇ ಇಲ್ಲ, ದೊಡ್ಡದು ಎಂದಿನಷ್ಟೇ ಜೋರಾಗಿ ಕೇಳಿಸುತ್ತದೆ. ಮೊಮ್ಮಗಳು ಮೆಲ್ಲಗೆ ‘ತಾತ’ ಎಂದರೆ ಉತ್ತರವಿಲ್ಲ, ಎರಡನೆಯ ಸಲ ಕರೆದರೂ ಇಲ್ಲ, ಮೂರನೆಯ ಸಲ ಅವಳು ಗಟ್ಟಿಯಾಗಿ ಕೂಗಿದಾಗ ‘ಯಾಕಮ್ಮಾ ಹಾಗೆ ಕಿರುಚ್ತೀಯ?’ ಎಂದು ಸಿಡುಕುವ ಮುದುಕರನ್ನು ಎಲ್ಲರೂ ನೋಡಿದ್ದೇವೆ. ಸಿಡುಕು ಅವರ ಸ್ವಭಾವದಲ್ಲಿಲ್ಲ, ಕಾಕ್ಲಿಯಾದಲ್ಲಿದೆ. ಒಳ್ಳೆಯ ಸಾಧನ ಆದ್ದರಿಂದ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುವುದಿಲ್ಲ; ಸಣ್ಣದನ್ನು ಹೆಚ್ಚು, ಮಧ್ಯಮವನ್ನು ಸ್ವಲ್ಪ, ದೊಡ್ಡದನ್ನು ಇಲ್ಲವೆನ್ನುವಷ್ಟು ಕಡಿಮೆ ಹಿಗ್ಗಿಸುತ್ತದೆ, ಅದನ್ನೂ ಗ್ರಾಫಿನ ಇಳಿಜಾರನ್ನು ನೋಡಿ ಆವರ್ತಾಂಕಕ್ಕೆ ತಕ್ಕಂತೆ ಮಾಡುತ್ತದೆ. ಮೊದಲ ಅಂಗಡಿಯ ಸಾಧನದಲ್ಲಿ ಎಲ್ಲವೂ ಒಂದೇ ಸಮನೆ ಜೋರಾಗಿದ್ದುದು ಸಾಧನದ ದೋಷವಲ್ಲ, ಹೊಂದಿಸುವಿಕೆಯ ಅವಸರ.

ಸಾಧನದ ವಿವರಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಿವಿಯ ಹಿಂದೆ ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದಾದ ತುಂಡು, ಅಲ್ಲಿಂದ ಕೂದಲೆಳೆಯಂಥ ತಂತಿ, ಕಿವಿಯೊಳಗೆ ಸಣ್ಣ ರಿಸೀವರ್ (ಅಂದರೆ ಶಬ್ದ ಹೊರಡಿಸುವ ಸ್ಪೀಕರ್), ಅದರ ತುದಿಗೆ ತೂತುಗಳಿರುವ ಮೆತ್ತನೆಯ ರಬ್ಬರ್ ಟೋಪಿ. ಒಂದು ಜೊತೆಗೆ ಒಟ್ಟು ಸುಮಾರು 1,20,000 ರೂಪಾಯಿ ಆಯಿತು. ರಾತ್ರಿ ಚಾರ್ಜಿಗೆ ಇಟ್ಟರೆ ಮಾರನೆಯ ದಿನ ಮಲಗುವವರೆಗೂ ಬರುತ್ತದೆ. ಕನ್ನಡಕ ತೆಗೆಯುವಾಗ ಎರಡು ಸಲ ಕಿತ್ತು ಬಂದಿದೆ. ಬೇಸಿಗೆಯ ಬೆವರಿಗೆ ಮೈಕ್ರೋಫೋನಿನ ಬಾಯಿ ಕಟ್ಟಿಕೊಳ್ಳುತ್ತದೆ, ಬ್ರಷ್‌ನಿಂದ ಒರೆಸಿಕೊಳ್ಳಬೇಕು. ಗುಗ್ಗೆ ತಡೆಯುವ ಜಾಲರಿಯನ್ನು ಆಗಾಗ ಬದಲಿಸಬೇಕು, ಅದು ವಯಸ್ಸಾದ ಬೆರಳುಗಳಿಗೆ ಕಷ್ಟ. ಬೆಲೆ ಹೆಚ್ಚಿನವರಿಗೆ ನಿಲುಕುವುದಿಲ್ಲ ಎಂಬುದು ಗಂಭೀರವಾದ ಕೊರತೆ. ಕಡಿಮೆ ಆದಾಯದ ಅರ್ಹರಿಗೆ ಅಂಗವಿಕಲರಿಗೆ ಸಹಾಯಕ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಸಾಧನ ದೊರೆಯುತ್ತದೆ, ಇದು ನಮ್ಮ ಹಳ್ಳಿಗಳಲ್ಲಿ ಇನ್ನೂ ಹೆಚ್ಚು ಜನರಿಗೆ ಗೊತ್ತಾಗಬೇಕು.

ಮೊದಲ ದಿನದ ಅನುಭವವನ್ನು ಮಾತ್ರ ಬೇಗ ಹೇಳಲಾರೆ. ಬೆಳಿಗ್ಗೆ ಪತ್ರಿಕೆ ಮಡಿಸಿದರೆ ತಗಡು ಮಡಿಸಿದಂತಾಯಿತು. ನನ್ನ ಪಂಚೆಯ ಸರಸರ, ಚಪ್ಪಲಿಯ ಹಿಮ್ಮಡಿ, ಗೋಡೆ ಗಡಿಯಾರ, ಬೀಗದ ಕೈ ಗೊಂಚಲು, ಎಲ್ಲವೂ ಮುಖದ ಹತ್ತಿರಕ್ಕೆ ಬಂದು ನಿಂತವು. ನನ್ನ ಧ್ವನಿ ನನಗೇ ಪರರದ್ದಾಗಿತ್ತು. ಆಮೇಲೆ ಅಡುಗೆಮನೆಯಿಂದ ಚಟಪಟ ಎಂಬ ಸದ್ದು ಬಂತು. ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿಯುತ್ತಿತ್ತು. ಮೊದಲು ಒಂದು ಕಾಳು, ಸ್ವಲ್ಪ ಬಿಟ್ಟು ಎರಡು, ಆಮೇಲೆ ಒಟ್ಟಿಗೆ ಹತ್ತಾರು, ಕೊನೆಗೆ ಕರಿಬೇವು ಬಿದ್ದಾಗ ಚೊರ್ ಎಂದು ಎಲ್ಲವನ್ನೂ ಮುಳುಗಿಸುವ ಸದ್ದು. ಎಷ್ಟು ವರ್ಷದಿಂದ ನಾನು ಒಗ್ಗರಣೆಯನ್ನು ಬರೀ ಮೂಗಿನಿಂದ ತಿಳಿಯುತ್ತಿದ್ದೆನೋ. ‘ಏನು?’ ಎಂದು ಅವಳು ಕೇಳಿದಳು. ‘ಸಾಸಿವೆ’ ಎಂದೆ. ಹೆಚ್ಚು ಮಾತು ಬರಲಿಲ್ಲ. ಸಾಸಿವೆ ಸಿಡಿಯುವ ಶಬ್ದದ ಆವರ್ತಾಂಕವೆಲ್ಲ ನನ್ನ ಗ್ರಾಫಿನ ಇಳಿಜಾರಿನಲ್ಲಿ ಕಳೆದುಹೋಗಿತ್ತು ಎಂದು ಲೆಕ್ಕ ಹಾಕಿ ತೋರಿಸಬಲ್ಲೆ. ಆದರೆ ಆ ಲೆಕ್ಕವನ್ನು ಪೂರ್ತಿ ಬಲ್ಲವನಿಗೂ, ಕಳೆದುಕೊಂಡದ್ದು ಮರಳಿ ಬಂದಾಗ ಬಾಗಿಲಲ್ಲಿ ನಿಂತವನಿಗೆ ಏನಾಯಿತೆಂದು ಆ ಲೆಕ್ಕದಿಂದ ತಿಳಿಯುವುದಿಲ್ಲ. ಹೀಗೆಂದು ನಾನು ವಿಜ್ಞಾನವನ್ನು ಕಡಿಮೆ ಮಾಡುತ್ತಿಲ್ಲ. ಆ ಲೆಕ್ಕವಿಲ್ಲದಿದ್ದರೆ ಆ ಬಾಗಿಲಲ್ಲಿ ನಾನು ನಿಲ್ಲುವ ಸಂದರ್ಭವೇ ಬರುತ್ತಿರಲಿಲ್ಲ.

ಮೂರು ನಾಲ್ಕು ವಾರದಲ್ಲಿ ತಗಡಿನ ಸದ್ದು ಮತ್ತೆ ಪತ್ರಿಕೆಯ ಸದ್ದಾಯಿತು. ಸಾಧನದಲ್ಲಿ ಏನೂ ಬದಲಾಗಿರಲಿಲ್ಲ, ಬದಲಾದದ್ದು ಮೆದುಳು. ಮೊದಲ ವಾರವೇ ಸಾಧನವನ್ನು ಮೇಜಿನ ಖಾನೆಗೆ ಹಾಕಿಬಿಡುವ ಅನೇಕರು ಈ ಹಂತವನ್ನು ದಾಟುವುದೇ ಇಲ್ಲ. ದಿನಕ್ಕೆ ಎರಡು ಗಂಟೆಯಿಂದ ಆರಂಭಿಸಿ ಹೆಚ್ಚಿಸಿಕೊಳ್ಳಿ ಎಂದು ಕೊಡುವಾಗಲೇ ಎಚ್ಚರಿಸಿದ್ದರಿಂದ ನಾನು ಉಳಿದುಕೊಂಡೆ.

ಸಾಧನ ಸೋಲುವ ಜಾಗ ಕಲ್ಯಾಣ ಮಂಟಪ. ವಾಲಗ, ಮೈಕು, ಪಾತ್ರೆ, ನೂರಾರು ಜನರ ಮಾತು, ಇವುಗಳ ನಡುವೆ ಪಕ್ಕದ ಕುರ್ಚಿಯ ಷಡ್ಡಕ ಹೇಳುವುದು ಬೇಕು. ಆರೋಗ್ಯವಂತ ಕಿವಿಯವರು ಇದನ್ನು ಯೋಚಿಸದೆ ಮಾಡುತ್ತಾರೆ. ಇದು ಹೇಗೆ ಸಾಧ್ಯ ಎಂದು ಇಂಗ್ಲೆಂಡಿನಲ್ಲಿ ಹುಟ್ಟಿದ ವಿಜ್ಞಾನಿ ಕಾಲಿನ್ ಚೆರ್ರಿ 1953ರಲ್ಲಿ ಪ್ರಯೋಗ ಮಾಡಿದರು: ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೊಟ್ಟು ಒಂದನ್ನು ಕೇಳುತ್ತ ಹೇಳುತ್ತ ಹೋಗಿ ಎಂದಾಗ, ಇನ್ನೊಂದು ಕಿವಿಯ ಮಾತು ಯಾವ ಭಾಷೆಯಲ್ಲಿತ್ತು ಎಂಬುದೂ ಕೇಳುಗರಿಗೆ ನಿಶ್ಚಿತವಾಗಿ ಗೊತ್ತಿರಲಿಲ್ಲ. ಶಬ್ದ ಕಿವಿಯನ್ನು ಮುಟ್ಟಿತ್ತು, ಗಮನ ಅಲ್ಲಿರಲಿಲ್ಲ. ಇದನ್ನೇ ಬೃಹದಾರಣ್ಯಕ ಉಪನಿಷತ್ತಿನ ಒಂದು ವಾಕ್ಯ ನೇರವಾದ ಮಾತಿನಲ್ಲಿ ಹಿಡಿಯುತ್ತದೆ: ‘ಅನ್ಯತ್ರಮನಾ ಅಭೂವಂ ನಾಶ್ರೌಷಮ್’, ನನ್ನ ಮನಸ್ಸು ಬೇರೆ ಕಡೆ ಇತ್ತು, ನಾನು ಕೇಳಲಿಲ್ಲ. ನೈಯಾಯಿಕರು, ಅಂದರೆ ತರ್ಕವನ್ನೇ ಆಧಾರವಾಗಿಟ್ಟ ನ್ಯಾಯದರ್ಶನದವರು, ಇದಕ್ಕೆ ಒಂದು ಕಾರಣವನ್ನೂ ಕೊಟ್ಟರು. ಮನಸ್ಸು ಅಣುವಿನಷ್ಟು ಸಣ್ಣದು, ಒಂದು ಹೊತ್ತಿಗೆ ಒಂದೇ ಇಂದ್ರಿಯವನ್ನು ಮುಟ್ಟಬಲ್ಲದು, ಆದ್ದರಿಂದ ಎಲ್ಲ ಇಂದ್ರಿಯಗಳ ಬಾಗಿಲೂ ತೆರೆದಿದ್ದರೂ ಅರಿವುಗಳು ಒಂದೊಂದಾಗಿಯೇ ಬರುತ್ತವೆ ಎಂದರು.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಆಧುನಿಕ ವಿಜ್ಞಾನ ಕಂಡುಕೊಂಡದ್ದೆಲ್ಲ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಕಿವಿಯ ಕುಹರದೊಳಗಿನ ಆಕಾಶವೇ ಶ್ರೋತ್ರೇಂದ್ರಿಯ, ಶಬ್ದ ಆಕಾಶದ ಗುಣ ಎಂದು ನ್ಯಾಯಶಾಸ್ತ್ರ ಹೇಳುತ್ತದೆ. ಶಬ್ದಕ್ಕೆ ಗಾಳಿಯಂಥ ಮಾಧ್ಯಮ ಬೇಕು ಎಂದು 32 ವರ್ಷ ಹೇಳಿಕೊಟ್ಟ ನಾನು ಅದನ್ನು ಸರಿ ಎನ್ನಲಾರೆ. ಆದರೆ ಶಬ್ದ ಅಷ್ಟು ದೂರದಿಂದ ಕಿವಿಯವರೆಗೆ ಬರುವುದು ಹೇಗೆ ಎಂದು ಕೇಳಿ, ನೀರಿನ ಅಲೆ ಅಲೆಯನ್ನು ಎಬ್ಬಿಸಿದಂತೆಯೋ ಕದಂಬದ ಮೊಗ್ಗು ಎಲ್ಲ ದಿಕ್ಕಿಗೂ ಒಟ್ಟಿಗೆ ಅರಳಿದಂತೆಯೋ ಎಂದು ಅವರು ಚರ್ಚಿಸಿದ್ದಾರೆ. ಉತ್ತರ ಹಳೆಯದಾಗಬಹುದು, ಅಂಥ ಪ್ರಶ್ನೆ ಕೇಳುವ ಅಭ್ಯಾಸ ಹಳೆಯದಾಗುವುದಿಲ್ಲ. ಗಮನದ ವಿಷಯದಲ್ಲಂತೂ, ನನ್ನ ಸಾಧನದ ಮಿತಿ ಎಲ್ಲಿದೆ ಎಂಬುದನ್ನು ಅದರ ಕೈಪಿಡಿಗಿಂತ ಆ ಉಪನಿಷತ್ತಿನ ವಾಕ್ಯ ಚೆನ್ನಾಗಿ ತಿಳಿಸಿತು. ಸಾಧನದಲ್ಲಿ ಎರಡೆರಡು ಮೈಕ್ರೋಫೋನ್‌ಗಳಿವೆ, ಗದ್ದಲ ಹೆಚ್ಚಾದಾಗ ಅದು ಹಿಂದಿನ ಶಬ್ದವನ್ನು ತಗ್ಗಿಸಿ ಮುಂದಿನದನ್ನು ಹಿಡಿಯುತ್ತದೆ. ಅಂದರೆ ನನ್ನ ಮನಸ್ಸು ಎಲ್ಲಿದೆ ಎಂದು ಅದು ನನ್ನ ಮುಖದ ದಿಕ್ಕಿನಿಂದ ಊಹಿಸುತ್ತದೆ. ಊಹೆ ಅನೇಕ ಸಲ ಸರಿ. ಬಡಿಸುವವರ ಕಡೆ ಮುಖಮಾಡಿ ಹಿಂದಿನ ಸಾಲಿನ ಮಾತಿಗೆ ಮನಸ್ಸು ಕೊಟ್ಟಾಗ ಅದು ತಪ್ಪುತ್ತದೆ. ಮಂಟಪದಲ್ಲಿ ಈಗ ಗೋಡೆಗೆ ಬೆನ್ನು ಕೊಟ್ಟು, ಮಾತನಾಡುವವರನ್ನು ಎದುರಿಗೆ ಕುಳ್ಳಿರಿಸಿಕೊಳ್ಳುತ್ತೇನೆ.

ಸಂಗೀತದಲ್ಲಿ ಮೊದಲ ತಿಂಗಳು ನಿರಾಸೆಯಾಯಿತು. ತಂಬೂರಿಯ ಎಡೆಬಿಡದ ಶ್ರುತಿಯನ್ನು ಸಾಧನ, ತನ್ನ ಶಬ್ದ ಮೈಕ್ರೋಫೋನಿಗೆ ಮರಳಿದಾಗ ಹುಟ್ಟುವ ತನ್ನದೇ ಸಿಳ್ಳೆ ಎಂದು ತಪ್ಪು ತಿಳಿದು ಅಳಿಸಲು ಹೋಗಿ, ಶ್ರುತಿ ನಡುಗುತ್ತಿತ್ತು. ಮೃದಂಗದ ಕಥೆ ಇನ್ನೂ ಸೂಕ್ಷ್ಮ. ಸಾಮಾನ್ಯ ಚರ್ಮವಾದ್ಯದಲ್ಲಿ ಮೂಲಸ್ವರದೊಡನೆ ಏಳುವ ಮೇಲ್ಸ್ವರಗಳು ಒಂದಕ್ಕೊಂದು ಹೊಂದದೆ ಬರಿಯ ಬಡಿತವಾಗುತ್ತವೆ; ನಮ್ಮ ವಾದ್ಯಗಳ ಚರ್ಮದ ನಡುವೆ ಮೆತ್ತಿರುವ ಕಪ್ಪು ಲೇಪದಿಂದ, ಅಂದರೆ ಕರಣೆಯಿಂದ, ಆ ಮೇಲ್ಸ್ವರಗಳು ತಂತಿವಾದ್ಯದಂತೆ ಶ್ರುತಿಬದ್ಧವಾಗುತ್ತವೆ ಎಂದು ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ತೋರಿಸಿದ್ದರು. ಇದನ್ನು ನಾನು ತರಗತಿಯಲ್ಲಿ ಹೇಳಿದ್ದೇನೆ. ಸಾಧನ ಮೆಲ್ಲನೆಯದನ್ನು ಎತ್ತಿ ಜೋರನ್ನು ಅಮುಕುವುದರಿಂದ ಬಡಿತಕ್ಕೂ ಅದರ ಹಿಂದೆ ತೇಲುವ ನಾದಕ್ಕೂ ಇರುವ ಅಂತರ ಕುಗ್ಗಿ, ಮೃದಂಗ ಮರದ ಹಲಗೆಯಂತಾಗಿತ್ತು. ಸಂಗೀತಕ್ಕೆಂದು ಪ್ರತ್ಯೇಕ ಪ್ರೋಗ್ರಾಂ ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಅದನ್ನು ಹಾಕಿಸಿದ ಮೇಲೆ ತಂಬೂರಿ ನಿಂತಿತು, ಮೃದಂಗ ಮುಕ್ಕಾಲು ಪಾಲು ಬಂದಿದೆ.

ಹೊಂದಿಸುವಿಕೆಯ ಸೇವೆಯನ್ನು ನಾನು ಇಷ್ಟು ಹೊಗಳುವುದಕ್ಕೆ ಕಾರಣ ಆ ಶ್ರವಣತಜ್ಞೆಯ ರೀತಿ. ಮೊದಲು ಅವರು ನನ್ನ ಕಿವಿಯೊಳಗೆ ತೆಳುವಾದ ನಳಿಕೆ ಇಟ್ಟು, ಸಾಧನ ಹಾಕಿದ ಮೇಲೆ ತಮಟೆಯ ಹತ್ತಿರ ನಿಜವಾಗಿ ಎಷ್ಟು ಶಬ್ದ ಬರುತ್ತಿದೆ ಎಂದು ಅಳೆದು, ನನ್ನ ಗ್ರಾಫಿಗೆ ಎಷ್ಟು ಬೇಕೆಂದು ಲೆಕ್ಕದ ಸೂತ್ರ ಹೇಳುವ ಗುರಿಗೆ ಕೂಡಿಸಿದರು. ಪರದೆಯ ಮೇಲೆ ಎರಡು ಗೆರೆಗಳು ಒಂದರ ಮೇಲೊಂದು ಕುಳಿತವು. ಅಲ್ಲಿಗೆ ಕೆಲಸ ಮುಗಿಯಿತು ಎನ್ನಬಹುದಿತ್ತು. ಅವರು ಪರದೆಯನ್ನು ಬಿಟ್ಟು ನನ್ನ ಕಡೆ ತಿರುಗಿ ‘ಈಗ ಹೇಗಿದೆ ಸರ್, ನಿಮಗೆ?’ ಎಂದರು. ‘ಸರಿಯಾಗೇ ಇದೆಯಲ್ಲ ಮೇಡಂ, ಗೆರೆ ಕೂತಿದೆ’ ಎಂದು ನಾನು ಪರದೆಯನ್ನು ತೋರಿಸಿದೆ. ‘ಗೆರೆ ನನಗೆ ಕಾಣ್ತಿದೆ ಸರ್. ನಿಮಗೆ ಹೇಗೆ ಕೇಳ್ತಿದೆ ಅನ್ನೋದು ನನಗೆ ಕಾಣೋದಿಲ್ಲ, ಅದನ್ನ ನೀವೇ ಹೇಳಬೇಕು’ ಎಂದರು. ಪ್ರತಿದಿನ ಎಲ್ಲಿ, ಯಾರ ಮಾತು, ಏನಾಗಿ ಕೇಳಿಸಿತು ಎಂದು ಬರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದರು. ಅವರ ಆ ಮಾತು ಹಲವು ದಿನ ನನ್ನೊಳಗೆ ಉಳಿಯಿತು. ಕೇನೋಪನಿಷತ್ತಿನ ‘ಶ್ರೋತ್ರಸ್ಯ ಶ್ರೋತ್ರಂ’, ಕಿವಿಗೂ ಕಿವಿಯಾದದ್ದು, ಎಂಬ ಪದಗಳನ್ನು ನಾನು ಅದುವರೆಗೆ ದೂರದ, ಧ್ಯಾನಕ್ಕೆ ಸೇರಿದ ಮಾತಾಗಿ ಓದಿದ್ದೆ. ಪರೀಕ್ಷೆಯ ಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅದಕ್ಕೊಂದು ಹತ್ತಿರದ ಅರ್ಥ ಸಿಕ್ಕಿತು. ಯಾವ ನಳಿಕೆಯೂ ಅಳೆಯಲಾಗದ ಆ ಕೊನೆಯ ಕೇಳುವಿಕೆಯನ್ನು ಅವರು ಗೌರವಿಸಿದರು, ಹಾಗೆ ಗೌರವಿಸುವ ಮೊದಲು ಅಳೆಯಬಹುದಾದದ್ದನ್ನೆಲ್ಲ ಬಿಡದೆ ಅಳೆದರು. ಎರಡರಲ್ಲಿ ಒಂದನ್ನು ಬಿಟ್ಟಿದ್ದರೂ ನಾನು ಸಾಧನವನ್ನು ಖಾನೆಗೆ ಹಾಕಿಬಿಡುತ್ತಿದ್ದೆ.

ಎಂಟು ತಿಂಗಳಲ್ಲಿ ಐದು ಸಲ ಹೋಗಿದ್ದೇನೆ, ಪ್ರತಿಸಲವೂ ನನ್ನ ಟಿಪ್ಪಣಿಗಳನ್ನು ಓದಿಸಿಕೊಂಡೇ ಕಂಪ್ಯೂಟರಿನಲ್ಲಿ ಕೈಯಾಡಿಸಿದ್ದಾರೆ. ಸಾಧನಕ್ಕೆ ಕೊಟ್ಟ ಹಣದಲ್ಲಿ ಈ ಭೇಟಿಗಳು ಸೇರಿವೆಯೇ, ಎಷ್ಟು ವರ್ಷದವರೆಗೆ ಎಂದು ಕೊಳ್ಳುವವರು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಒಂದೇ ಕಿವಿಗೆ ಹಾಕಿಕೊಂಡು ಹಣ ಉಳಿಸುವ ಯೋಚನೆಯಿದ್ದವರು, ಎರಡೂ ಕಿವಿ ಮಂದವಾಗಿದ್ದರೆ, ಶಬ್ದ ಯಾವ ದಿಕ್ಕಿನಿಂದ ಬಂತು ಎಂದು ತಿಳಿಯಲು ಎರಡೂ ಬೇಕು ಎಂಬುದನ್ನು ರಸ್ತೆ ದಾಟುವ ಮೊದಲು ನೆನೆಯಬೇಕು. ತಂದೆತಾಯಿಗೆ ಕೊಡಿಸುವ ಮಕ್ಕಳು, ಹುಟ್ಟುಹಬ್ಬದ ಉಡುಗೊರೆಯಂತೆ ಪೆಟ್ಟಿಗೆ ತಂದುಕೊಡದೆ, ಪರೀಕ್ಷೆಯ ದಿನ ಜೊತೆಗೆ ಹೋಗಿ ಕೂರಬೇಕು.

‘ಸಾಕಾ’ ಈಗ ‘ಸಾಕಾ’ ಎಂದೇ ಕೇಳಿಸುತ್ತದೆ. ಆರನೆಯ ಭೇಟಿ ಮುಂದಿನ ತಿಂಗಳ ಮೊದಲ ವಾರಕ್ಕೆ ಗೊತ್ತಾಗಿದೆ. ಮಕ್ಕಳ ಧ್ವನಿಯ ಊಷ್ಮಾಕ್ಷರಗಳು ದೊಡ್ಡವರದಕ್ಕಿಂತ ಇನ್ನೂ ಮೇಲಿನ ಆವರ್ತಾಂಕದಲ್ಲಿರುತ್ತವೆ, ಆ ಮೂಲೆಯಲ್ಲಿ ನನ್ನ ಕೋಶಗಳು ಎಷ್ಟು ಉಳಿದಿವೆಯೋ ನೋಡಬೇಕು. ಆ ದಿನಕ್ಕೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿರುವ ಮೊದಲ ಸಾಲು: ಭಾನುವಾರ ಬೆಳಿಗ್ಗೆ, ಹಿತ್ತಲು, ಮೊಮ್ಮಗಳು ಮರದ ಕೆಳಗೆ ನಿಂತು ಹೇಳಿದ ‘ಸೀಬೆ’ ನನಗೆ ‘ಈಬೆ’ ಎಂದು ಕೇಳಿಸಿತು.